ಸುಬ್ಬರಾಯನ್ ಮಾಸ್ಟರ ಎಡಗೈ

ಜೀವಿತಾಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸೇಲಂನ ಅಮ್ಮಾಪೇಟೆಯ ನೇಕಾರರ ಬೀದಿಯಲ್ಲಿ ಹುಟ್ಟಿದವರಲ್ಲಿ ಮುಕ್ಕಾಲು ಪಾಲು ಹಾಗೇ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಬ್ಯಾಂಕಿಗೆ ಹೋದರೆ ಒಂದಿಷ್ಟು ಇಂಗ್ಲಿಷು. ಜವಳಿ ಅಂಗಡಿಗಳ ಜಾಹೀರಾತಿಗೆ ತಮಿಳಿನಲ್ಲಿ ಹಾಡುವುದು ಅವಳ ಕಸುಬು. ಆಡಿ ತಿಂಗಳ ರಿಯಾಯಿತಿ, ದೀಪಾವಳಿ ಸೀರೆ, ಮದುವೆ ರೇಷ್ಮೆ. ಊರಿನ ಆಟೋಗಳಲ್ಲೆಲ್ಲ ಅವಳ ದನಿ ಕೇಳುತ್ತಿತ್ತು. ಅದು ಅವಳ ದನಿ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ತನ್ನ ಪಾಡಿಗೆ ತಾನು ಹಾಡು ಕಟ್ಟಲು ಕೂತರೆ ಅವಳಿಗೆ ಬರುತ್ತಿದ್ದದ್ದು ಮನೆ ಮಾತೇ. ಅದನ್ನು ತಮಿಳು ಅಕ್ಷರದಲ್ಲಿ ಫೋನಿನಲ್ಲಿ ಟೈಪ್ ಮಾಡಿಟ್ಟುಕೊಳ್ಳುವಳು. ಹಾಗೆ ಹುಟ್ಟಿದ ಒಂದು ಹಾಡು 'ಉಂಡ್ಯಾ'. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿರುವ ಹುಡುಗಿ ತಾಯಿಗೆ ಫೋನ್ ಮಾಡುತ್ತಾಳೆ. ತಾಯಿ "ಉಂಡ್ಯಾ?" ಅಂತಾಳೆ, ಮಗಳು "ಉಂಡೆ" ಅಂತಾಳೆ. ಇಬ್ಬರಿಗೂ ಹೇಳುವುದು ಬೇಕಾದಷ್ಟಿದೆ, ಇಬ್ಬರೂ ಹೇಳುವುದಿಲ್ಲ. ಹಾಡು ಅಷ್ಟೇ. ಫೋನಿನಲ್ಲೇ ಹಾಡಿ ಬಿಟ್ಟದ್ದು ಕೊಳತ್ತೂರಿನಿಂದ ಹೊಸೂರಿನವರೆಗೆ ಕನ್ನಡದ ಮನೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಆಮೇಲೆ ಬೆಂಗಳೂರಿಗೂ ತಲುಪಿತು. ಅಲ್ಲಿಂದ ಅಶ್ವತ್ಥ್ ಅನ್ನುವವನೊಬ್ಬ ಕರೆ ಮಾಡಿದ. ಗಿಟಾರ್ ಬಾರಿಸುವವನು, ಸಣ್ಣದೊಂದು ಆಲ್ಬಂ ಕಂಪನಿ ಇಟ್ಟುಕೊಂಡಿದ್ದವನು.

"ಸ್ಟುಡಿಯೋ ಬೇಡ ಜೀವಿತಾ," ಅಂದ. "ನಿಮ್ಮೂರಲ್ಲೇ, ನಿಮ್ಮ ಜನರ ಮುಂದೆ, ಒಂದೇ ಸಂಜೆ ಹಾಡಿ. ಲೈವ್ ಆಲ್ಬಂ ಮಾಡೋಣ. ಕೆಮ್ಮು, ಚಪ್ಪಾಳೆ, ಮಗು ಅತ್ತಿದ್ದು ಎಲ್ಲಾ ಇರಲಿ. ಹಾಡು ನಿಮ್ಮದು. ಬಾರಿಸೋಕೆ ಒಂದಿಬ್ಬರು ಗೆಸ್ಟ್‌ಗಳನ್ನ ಕರೆಯೋಣ."

ನಂಗವಳ್ಳಿಯ ಮಾದೇಶ್ ಡ್ರಮ್ಸಿಗೆ ಬರುತ್ತೇನೆಂದ. ಧರ್ಮಪುರಿಯ ಕಲೈವಾಣಿ ಅನ್ನುವ ಹುಡುಗಿ ತಮಿಳಿನಲ್ಲಿ ರ‍್ಯಾಪ್ ಮಾಡುವವಳು, ಅವಳೂ ಒಪ್ಪಿದಳು. ಕೀಬೋರ್ಡಿಗೆ ಬೆಂಗಳೂರಿನ ಒಬ್ಬ ಹುಡುಗನನ್ನು ಕರೆತರುವುದು ಅಶ್ವತ್ಥನ ಮನಸ್ಸಿನಲ್ಲಿತ್ತು.

"ಕೀಬೋರ್ಡು ಸುಬ್ಬರಾಯನ್ ಮಾಮ," ಅಂದಳು ಜೀವಿತಾ. "ಅವ್ರು ಇಲ್ದಿದ್ರೆ ನಾನೂ ಇಲ್ಲ."

ಸುಬ್ಬರಾಯನ್ ಅದೇ ಬೀದಿಯವರು. ಮದುವೆ, ಗುಡಿ ಹಬ್ಬಗಳಲ್ಲಿ ಸಿನಿಮಾ ಹಾಡು ಬಾರಿಸುವ ತಂಡಗಳಲ್ಲಿ ಮೇಟೂರಿನಿಂದ ಧರ್ಮಪುರಿಯವರೆಗೆ ಒಂದು ಆಯುಷ್ಯವಿಡೀ ಕೀಬೋರ್ಡ್ ಬಾರಿಸಿದ್ದರು. ಬ್ಯಾನರಿನ ಮೇಲೆ ತಂಡದ ಮಾಲೀಕನ ಹೆಸರಿರುತ್ತಿತ್ತು, ಹಾಡುವವರ ಫೋಟೋ ಇರುತ್ತಿತ್ತು. ಇವರನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು, ಹೆಸರು ಎಲ್ಲೂ ಇರುತ್ತಿರಲಿಲ್ಲ. ಡೀಜೇ ಬಂದ ಮೇಲೆ ತಂಡಗಳು ಒಡೆದು, ಮಾಸ್ಟರು ಷಡ್ಡಕನ ಜೆರಾಕ್ಸ್ ಅಂಗಡಿಯಲ್ಲಿ ಕೂರತೊಡಗಿದ್ದರು.

ಜೀವಿತಾ ಚಿಕ್ಕವಳಿದ್ದಾಗಿಂದ ಅವರ ಮನೆ ಮಹಡಿಯಲ್ಲಿ ಪಾಠಕ್ಕೆ ಹೋದವಳು. ಅವರ ಪಾಠದ ರೀತಿಯೇ ಬೇರೆ. ಹಾಡು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವರು ಬೈಯುವುದಿಲ್ಲ, ಹೇಳಿಕೊಡುವುದೂ ಇಲ್ಲ. ಎಡಗೈಯನ್ನು ಕೆಳಗಿನ ಸ್ವರದ ಮೇಲೆ ಒತ್ತಿ ಹಿಡಿದು, ಬಲಗೈಯಲ್ಲಿ ಅದೇ ಸಾಲನ್ನು ಮತ್ತೆ ಮತ್ತೆ ಬಾರಿಸುತ್ತ, ಕಿಟಕಿಯಾಚೆ ನೋಡುತ್ತ ಕೂತಿರುವರು. ಕೆಳಗೆ ಮಗ್ಗಗಳ ಸದ್ದು, ಮೇಲೆ ಆ ಸಾಲು. ಹುಡುಗಿ ತಡವರಿಸಿ ತಡವರಿಸಿ ಕೊನೆಗೆ ತಾನೇ ದಾರಿ ಹುಡುಕಿಕೊಂಡಾಗ ಮಾತ್ರ ತಿರುಗಿ, "ಹಾಂ" ಅನ್ನುವರು.

ಅವಳು ಕೇಳಲು ಹೋದಾಗ ಮಾಸ್ಟರು ನಕ್ಕರು.

"ನಾನಾ? ಆ ಬೆಂಗ್ಳೂರು ತಂಬಿ ಲ್ಯಾಪ್‌ಟಾಪಲ್ಲೇ ಎಲ್ಲಾ ಬಾರಿಸ್ಬುಡ್ತಾನಂತಲ್ಲ."

"ಅಶ್ವತ್ಥ್ ಅವ್ರೂ ಇರ್ತಾರೆ ಮಾಮ. ನೀವೂ ಇರ್ಬೇಕು."

"ಅದೂ ನಮ್ಮ ಮಾತಲ್ಲಿ ಹಾಡು. ಯಾರಮ್ಮ ಕೇಳ್ತಾರೆ? ನನ್ನ ಮಗಳೇ ಕೊಯಮತ್ತೂರಿಂದ ಫೋನ್ ಮಾಡಿದ್ರೆ ತಮಿಳಲ್ಲಿ ಮಾತಾಡ್ತಾಳೆ."

ಅಡಿಗೆ ಮನೆಯಿಂದ ಅವರ ಹೆಂಡತಿ ಸುಗುಣಾ ಕೂಗಿ ಹೇಳಿದರು: "ಓಗಿ ಅಂದ್ರೆ ಓಗಿ. ಅಂಗಡಿ ಟೇಬಲ್ ಮ್ಯಾಲೆ ದಿನಾ ಬೆರಳಾಡಿಸ್ತಾ ಕುಂತಿರ್ತಾರೆ ಜೀವಿ, ನಮ್ಮ ತಂಗಿ ಗಂಡನೇ ಏಳ್ತಾರೆ. ಜೆರಾಕ್ಸ್ ತಗಳಾಕೆ ಬಂದೋರು ಇವ್ರಿಗೇನೋ ನರದ ಕಾಯಿಲೆ ಅಂದ್ಕಂಡವ್ರೆ."

ಮಾಸ್ಟರು, "ಬಿಳೀ ಶರ್ಟ್ ಹಾಕ್ಬೇಕಾ, ಕಲರ‍್ರಾ?" ಅಂತ ಕೇಳಿದರು. ಒಪ್ಪಿಗೆ ಅಂದರೆ ಅದೇ.

ತಾಲೀಮಿನಲ್ಲಿ ಮೊದಲ ದಿನ ಅಶ್ವತ್ಥ್ ಮುಖ ಸಣ್ಣದು ಮಾಡಿಕೊಂಡಿದ್ದ. ಮುದುಕ ಎಲ್ಲ ಕಡೆಯೂ ಸಿನಿಮಾ ಗಮಕ ತುರುಕುತ್ತಾರೆ ಅಂತ ಅವನ ಭಯ. ಮಾಸ್ಟರು ತುರುಕಲಿಲ್ಲ. 'ಉಂಡ್ಯಾ'ಗೆ ಅವರು ಹಾಕಿದ್ದು ನಾಲ್ಕೇ ಸ್ವರದ ಒಂದು ಸಾಲು. ಅದನ್ನು ಕೇಳಿದ ಅಶ್ವತ್ಥ್ ತನ್ನ ಗಿಟಾರ್ ಕೆಳಗಿಟ್ಟು, "ಇದಕ್ಕೆ ನಾನು ಬೇಡ," ಅಂದ. ಆಲ್ಬಂ ಮೇಲೆ ಹೆಸರು ಹೇಗೆ ಹಾಕಬೇಕು ಅಂತ ಅವನು ಕೇಳಿದಾಗ ಮಾಸ್ಟರಿಗೆ ಅರ್ಥವೇ ಆಗಲಿಲ್ಲ. "ಕೀಬೋರ್ಡ್ ಅಂತ ಹಾಕಿ ತಂಬಿ, ಸಾಕು."

"ಇಲ್ಲ ಸಾರ್, ನಿಮ್ಮ ಹೆಸರು."

ಅವರು ಜೀವಿತಾಳ ಕಡೆ ನೋಡಿದರು. ಆಮೇಲೆ ಸಂಕೋಚಪಡುತ್ತ, "ಅಮ್ಮಾಪೇಟೆ ಸುಬ್ಬರಾಯನ್," ಅಂದರು.

ಕಾರ್ಯಕ್ರಮ ಒಂದು ಭಾನುವಾರ ಸಂಜೆ, ಚೌಡೇಶ್ವರಿ ಅಮ್ಮನ ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ಅಲ್ಲಿ ಮದುವೆಯಾಗಿತ್ತು. ಸಂಪಂಗಿ ಹಾರಗಳನ್ನು ಇನ್ನೂ ಬಿಚ್ಚಿರಲಿಲ್ಲ, ಸಾಂಬಾರಿನ ವಾಸನೆ ಹೋಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಸಾಲದೆ ಹುಡುಗರು ಗೋಡೆಗೊರಗಿ ನಿಂತಿದ್ದರು. ಕಲೈವಾಣಿ ಪಟಪಟ ಅಂತ ರ‍್ಯಾಪ್ ಹೇಳುವುದನ್ನು ಕೇಳಿ ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುಂದಿನ ಸಾಲಿನಲ್ಲಿ ಸುಗುಣಾ ಮಲ್ಲಿಗೆ ಮುಡಿದು ಕೂತಿದ್ದರು. ಮಾಸ್ಟರು ಬಿಳೀ ಶರ್ಟು ಹಾಕಿದ್ದರು. ಒಂದೊಂದು ಹಾಡು ಮುಗಿದಾಗಲೂ ಜೀವಿತಾ ತಿರುಗಿ ನೋಡಿದರೆ ಅವರು ತಲೆಯಾಡಿಸುತ್ತಿದ್ದರು. ಅವಳಿಗೆ ಅಷ್ಟು ಸಾಕಿತ್ತು.

ಕಾರ್ಯಕ್ರಮ ಮುಗಿಯುವುದಕ್ಕೆ ಸ್ವಲ್ಪ ಮುಂಚೆ 'ಉಂಡ್ಯಾ' ಬಂತು. ಎರಡನೆಯ ಚರಣ ಮುಗಿದ ಮೇಲೆ ಕೀಬೋರ್ಡಿನ ದನಿ ಇಳಿದು ನಿಲ್ಲಬೇಕು, ಜೀವಿತಾ ಕೊನೆಯ ಸಾಲನ್ನು ಒಬ್ಬಳೇ ಹಾಡಬೇಕು. ತಾಲೀಮಿನಲ್ಲಿ ಹಾಗೆ ನಿಶ್ಚಯವಾಗಿತ್ತು.

ಕೀಬೋರ್ಡ್ ಇಳಿಯಲಿಲ್ಲ. ಕೆಳಗಿನ ಸ್ವರಗಳಲ್ಲಿ ಒಮ್ಮೆಲೇ ದಪ್ಪನೆಯ ಗುಂಯ್‌ಗುಡುವ ದನಿ ಎದ್ದಿತು, ಎದ್ದು ಹಾಗೇ ನಿಂತಿತು. ಅದರ ಮೇಲೆ ಆ ನಾಲ್ಕು ಸ್ವರ ಮತ್ತೆ ಬಂತು. ಮತ್ತೆ. ಮತ್ತೆ.

ಜೀವಿತಾ ತಿರುಗಲಿಲ್ಲ. ತಿರುಗಬೇಕಾದ ಅಗತ್ಯ ಅವಳಿಗೆ ಕಾಣಲಿಲ್ಲ. ಮಹಡಿಯ ಪಾಠ ಅವಳಿಗೆ ಗೊತ್ತಿತ್ತು. ಹಾಡು ಇನ್ನೂ ಮುಗಿದಿಲ್ಲ, ಮಾಮ ದಾರಿ ಬಿಟ್ಟುಕೊಡುತ್ತಿದ್ದಾರೆ, ನಾನೇ ಹುಡುಕಿಕೊಳ್ಳಬೇಕು ಅಂದುಕೊಂಡಳು. ಕಣ್ಣು ಮುಚ್ಚಿ, ಯಾವತ್ತೂ ಕಟ್ಟಿರದ ಮಾತು ಹಾಡಿದಳು:

"ಚಳಿ ಐತಾ ಅಂತೀಯ, ಇಲ್ಲ ಅಂತೀನಿ,
ಬತ್ತೀಯಾ ಅಂತೀಯ, ಬತ್ತೀನಿ ಅಂತೀನಿ,
ಯಾವಾಗ ಅಂತ ನೀ ಕೇಳಾಕಿಲ್ಲ,
ಯಾವಾಗ ಅಂತ ನಾ ಏಳಾಕಿಲ್ಲ."

ಮಂಟಪ ಸುಮ್ಮನಾಯಿತು. ಮಾದೇಶ್ ಕೋಲುಗಳನ್ನು ಕೆಳಗಿಟ್ಟು ಕಾಲಿನ ಡ್ರಮ್ಮನ್ನು ಮಾತ್ರ ಮೆಲ್ಲಗೆ ತುಳಿಯತೊಡಗಿದ. ಹಿಂದಿನ ಸಾಲಿನಿಂದ ಯಾರೋ ಹೆಂಗಸು "ಉಂಡ್ಯಾ" ಅಂದಳು. ಇನ್ನೊಂದು ಕಡೆಯಿಂದ "ಉಂಡೆ" ಅಂತ ಬಂತು. ನೋಡನೋಡುತ್ತಿದ್ದಂತೆ ಅರ್ಧ ಮಂಟಪ ಕೇಳುತ್ತಿತ್ತು, ಅರ್ಧ ಮಂಟಪ ಉತ್ತರ ಕೊಡುತ್ತಿತ್ತು. ತಮಿಳು ಬಿಟ್ಟು ಬೇರೆ ಬಾಯಿಗೆ ಬಾರದ ಹುಡುಗರೂ ಅಂದರು. ಮಗ್ಗ ನೇಯುವವರು, ಅದಕ್ಕೆ ಅಚ್ಚು ಕಟ್ಟುವವರು, ಬೆಳಿಗ್ಗೆಯ ಮದುವೆಗೆ ಬಂದು ಉಳಿದವರು ಎಲ್ಲ ಅಳುತ್ತಿದ್ದರು. ಜೀವಿತಾ ಅಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ. ಹಾಡುತ್ತಿರುವಾಗಲೇ ಅದು ಅವಳಿಗೆ ತಿಳಿಯುತ್ತಿತ್ತು.

ಕೊನೆಗೆ ಅವಳೇ ನಿಲ್ಲಿಸಿದಳು. ಮಾದೇಶ್ ನಿಲ್ಲಿಸಿದ. ಚಪ್ಪಾಳೆ ಮಳೆಯಂತೆ ಬಂತು. ಅವಳು ಮಾಸ್ಟರ ಕಡೆಗೆ ಕೈ ಚಾಚಿ ತಿರುಗಿದಳು. ಆ ಚಪ್ಪಾಳೆಯ ನಡುವೆ ಬಲಗೈ ಇನ್ನೂ ಬಾರಿಸುತ್ತಲೇ ಇತ್ತು.

"ಪೋದುಂ ಮಾಸ್ಟರ್, ಸಾಕು," ಅಂತ ಮಾದೇಶ್ ನಗುತ್ತ ಹೇಳಿದ. ಮರುಕ್ಷಣವೇ ಎದ್ದು ನಿಂತ, ಕುರ್ಚಿ ಹಿಂದಕ್ಕೆ ಬಿತ್ತು.

ಮಾಸ್ಟರ ಎಡಗೈ ಮೊಣಕೈವರೆಗೂ ಕೀಬೋರ್ಡಿನ ಮೇಲೆ ಬಿದ್ದಿತ್ತು. ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗಿತ್ತು. ಬಾಯಿ ಒಂದು ಕಡೆಗೆ ಜಾರಿತ್ತು. ಅವರು ಅವಳನ್ನೇ ನೋಡಿ, ತೊದಲುತ್ತ, "ಇನ್ನೊಂದ್ ಸುತ್ತು ಓಗಣ," ಅಂದರು. ಆಮೇಲೆ ಎಡಕ್ಕೆ ವಾಲಿ, ಸ್ಟೂಲಿನಿಂದ ಜಾರಿದರು.

ಹಿಂದಿನವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ಸುಗುಣಾ ಎದ್ದು ನಿಂತಿದ್ದರು.

ಆಂಬುಲೆನ್ಸ್ ಬೇಗನೇ ಬಂತು, ಆಸ್ಪತ್ರೆಯೂ ದೂರವಿರಲಿಲ್ಲ, ಡಾಕ್ಟರು ತಡಮಾಡಲಿಲ್ಲ. ಯಾರನ್ನಾದರೂ ಬೈಯೋಣ ಅಂದರೆ ಯಾರೂ ಇರಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಹೊರಗೆ ಬಂದು ತಮಿಳಿನಲ್ಲಿ ಹೇಳಿದರು: ಬೀಪಿ ಏರಿ ಮಿದುಳಿನ ಬಲಭಾಗದಲ್ಲಿ ರಕ್ತ ಒಸರಿದೆ, ಪ್ರಾಣಕ್ಕೆ ಅಪಾಯವಿಲ್ಲ ಅಂತ ಕಾಣುತ್ತದೆ, ಉಳಿದದ್ದು ನೋಡಬೇಕು. ಬೀಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ ಅಂತ ಕೇಳಿದರು.

"ದಿನಾ ನಾನೇ ಕೊಡ್ತೀನಿ," ಅಂದರು ಸುಗುಣಾ. "ಇವತ್ತು ಹೊರಡೋವಾಗ್ಲೂ ಕೊಟ್ಟೆ."

ನರ್ಸು ಬಿಚ್ಚಿ ಕೊಟ್ಟ ಬಿಳೀ ಶರ್ಟು ಅವರ ಮಡಿಲಲ್ಲಿತ್ತು. ಅದನ್ನು ಮಡಿಸುವಾಗ ಜೇಬಿನಲ್ಲಿ ಮಾತ್ರೆ ಸಿಕ್ಕಿತು. ಆ ಮಾತ್ರೆ ತಗೊಂಡರೆ ಮಾಸ್ಟರಿಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ನಡುವೆ ವೇದಿಕೆ ಬಿಟ್ಟು ಏಳಬೇಕಾದೀತು ಅಂತ ಹೆದರಿ ನುಂಗದೆ ಜೇಬಿಗಿಟ್ಟುಕೊಂಡಿದ್ದರು. ಸುಗುಣಾ ಅದನ್ನು ಅಂಗೈಯಲ್ಲಿಟ್ಟು ಜೀವಿತಾಳಿಗೆ ತೋರಿಸಿದರು.

ಮಾಸ್ಟರಿಗೆ ಎಚ್ಚರವಾದಾಗ ಮಾತು ಸರಿಯಾಗೇ ಇತ್ತು. ಅದನ್ನು ಕಂಡು ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಜೀವಿತಾ ಒಳಗೆ ಹೋದಾಗ, "ಜನ ಎಂಗೆ, ಖುಷಿಪಟ್ರಾ?" ಅಂತ ಕೇಳಿದರು.

"ಪಟ್ರು ಮಾಮ. ಕೈ ಎಂಗೈತೆ?"

"ಕೈಗೇನು? ಚೆನ್ನಾಗೈತಲ್ಲ."

"ಎಡಗೈ ಮಾಮ. ಒಸಿ ಎತ್ತಿ ನೋಡನ."

"ಎತ್ತಿದ್ನಲ್ಲಮ್ಮ," ಅಂದರು. ಕೈ ಹಾಸಿಗೆಯ ಮೇಲೆ ಇದ್ದ ಹಾಗೇ ಇತ್ತು. ಸುಗುಣಾ ಅದನ್ನು ಮೆಲ್ಲಗೆ ಎತ್ತಿ ಅವರ ಕಣ್ಣ ಮುಂದೆ ಹಿಡಿದರು. ಮಾಸ್ಟರು ಅದನ್ನು ಸ್ವಲ್ಪ ಹೊತ್ತು ನೋಡಿ ಬೇಸರದಿಂದ, "ನಿನ್ನ ಕೈ ಯಾಕೆ ನನ್ನ ಮ್ಯಾಲೆ ಇಕ್ತಿದ್ದೀಯ? ತೆಗಿ, ಭಾರ," ಅಂದರು.

ಮಿದುಳಿನ ಆ ಭಾಗ ಹೋದರೆ ಹಾಗೇ ಅಂತ ಡಾಕ್ಟರಮ್ಮ ವಿವರಿಸಿದರು. ಅವರ ಪಾಲಿಗೆ ಎಡಗಡೆ ಅನ್ನುವುದೇ ಇಲ್ಲ. ಇಲ್ಲ ಅನ್ನುವುದೂ ಅವರಿಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೆ ತಟ್ಟೆಯಲ್ಲಿ ಬಲಗಡೆಯ ಅನ್ನ ಉಂಡು, "ಇನ್ನೊಂಚೂರು ಇಕ್ಕು," ಅನ್ನುವರು. ಸುಗುಣಾ ತಟ್ಟೆಯನ್ನು ತಿರುಗಿಸಿ ಇಡುವರು. ಮಾಸ್ಟರು ಹೊಸದಾಗಿ ಬಡಿಸಿದ್ದಾರೆ ಅಂದುಕೊಂಡು ಉಣ್ಣುವರು.

ಅಷ್ಟರಲ್ಲಿ ಅಶ್ವತ್ಥನ ಕರೆ ಬಂತು.

"ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ," ಅಂದ. "ರೆಕಾರ್ಡಿಂಗ್ ಪೂರ್ತಿ ಕೇಳಿದೆ. 'ಉಂಡ್ಯಾ' ಇದೆಯಲ್ಲ... ನನ್ನ ಜೀವಮಾನದಲ್ಲಿ ನಾನು ಅಂಥದ್ದು ಹಿಡಿದಿಲ್ಲ ಜೀವಿತಾ. ಆಲ್ಬಂ ಅಂದರೆ ಅದೇ."

"ಅದು ಬೇಡ," ಅಂದಳು. "ತಾಲೀಮಲ್ಲಿ ಹಾಡಿದ್ದೈತಲ್ಲ, ಅದ್ನ ಹಾಕಿ."

"ಅದನ್ನೂ ಕೇಳಿದೆ. ಅದು ಬರೀ ಹಾಡು."

"ಅಶ್ವತ್ಥ್, ಆವಾಗ ಅವ್ರ ತಲೇಲಿ ರಕ್ತ ಸುರೀತಿತ್ತು. ನಾನು ಮುಂದೆ ನಿಂತ್ಕಂಡು ಕಣ್ಣು ಮುಚ್ಕಂಡು ಹಾಡ್ತಿದ್ದೆ."

"ನೀವು ಬೇಡ ಅಂದ್ರೆ ಹಾಕಲ್ಲ," ಅಂದ. "ಅವರ ಮನೆಯವರನ್ನೂ ಒಂದು ಮಾತು ಕೇಳಿ."

ಕೇಳಿದರೆ ಸುಗುಣತ್ತೆ ಬೇಡ ಅನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಅಂತಲೇ ಜೀವಿತಾ ಕೇಳಿದಳು. ಸುಗುಣಾ ಹುಣಿಸೆ ಹಣ್ಣು ಬಿಡಿಸುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ಅದ್ರ ಮ್ಯಾಲೆ ಇವ್ರ ಹೆಸ್ರು ಇರ್ತದಾ?" ಅಂದರು.

"ಇರ್ತದೆ ಅತ್ತೆ. ಅದಿಲ್ದೆ ಬೇರೆ ಹಾಡು ಹಾಕಿದ್ರೂ ಇರ್ತದೆ."

"ಬೇರೇದು ಯಾಕೆ? ಅವತ್ತು ಬಾರಿಸಿದ್ದು ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು. ಅದೇ ಅತ್ತೆ..."

"ಮತ್ಯಾಕೆ ಬುಡ್ಬೇಕು? ಊರೋರ ಮದ್ವೇಲಿ ಬಾರಿಸಿ ಬಾರಿಸಿ ಸವ್ದೋದ್ರು. ಒಂದಾದ್ರೂ ಉಳಿದೈತಾ? ಕೊನೇಲಿ ಬಾರಿಸಿದ್ದು ಒಂದು ಉಳ್ದೈತೆ. ಹಾಕು." ಆಮೇಲೆ ಮುಖ ಎತ್ತದೆ, "ನಿಂಗೆ ಕೇಳಾಕಾಗ್ದಿದ್ರೆ ನೀನು ಕೇಳ್ಬೇಡ," ಅಂದರು.

ಜೀವಿತಾ ಹೊರಗೆ ಬಂದು ಅಶ್ವತ್ಥನಿಗೆ ಫೋನ್ ಮಾಡಿ, ಹಾಕಿ ಅಂದಳು.

ಆಲ್ಬಂ ಬಂತು. ಉಳಿದ ಹಾಡುಗಳನ್ನು ಕೇಳಿದವರು ಕೇಳಿದರು. 'ಉಂಡ್ಯಾ' ಮಾತ್ರ ಬೆಂಕಿ ಹತ್ತಿದ ಹಾಗೆ ಹಬ್ಬಿತು. ಆಟೋದಲ್ಲಿ, ಬಸ್ಸಿನಲ್ಲಿ, ಧರ್ಮಪುರಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅದೇ. ಕನ್ನಡವೇ ಬಾರದವರು ತಮ್ಮ ತಾಯಂದಿರ ಫೋಟೋಗೆ ಆ ಸಾಲು ಹಾಕಿ ಹಂಚಿಕೊಂಡರು. ಆ ಕೀಬೋರ್ಡ್ ಇಳಿಯದೆ ನಿಲ್ಲುವ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ ಅಂತ ಬರೆದರು. ಯಾರೀ ಸುಬ್ಬರಾಯನ್, ಇಷ್ಟು ದಿನ ಎಲ್ಲಿದ್ದರು ಅಂತ ಕೇಳಿದರು. ಜೀವಿತಾ ಬಸ್ಸಿನಲ್ಲಿದ್ದಾಗ ಆ ಹಾಡು ಬಂದರೆ ಇಳಿದುಬಿಡುತ್ತಿದ್ದಳು. ಮುಂದಿನ ಬಸ್ಸಿನಲ್ಲೂ ಅದೇ ಇರುತ್ತಿತ್ತು.

ನಿಜ ಹೇಳಿಬಿಟ್ಟರೆ ಜನ ಸುಮ್ಮನಾಗುತ್ತಾರೆ ಅನ್ನಿಸಿತು ಅವಳಿಗೆ. ಒಂದು ಯೂಟ್ಯೂಬ್ ಸಂದರ್ಶನದಲ್ಲಿ ಕೇಳಿದಾಗ ನಡೆದದ್ದನ್ನು ನಡೆದಂತೆ ಹೇಳಿದಳು. ಜನ ಸುಮ್ಮನಾಗಲಿಲ್ಲ. ಮೊದಲು ಹಾಡಿಗಾಗಿ ಕೇಳುತ್ತಿದ್ದವರು ಈಗ ಆ ಗಳಿಗೆಗಾಗಿ ಕೇಳತೊಡಗಿದರು. ಎಲ್ಲಿ ಕೈ ಬಿತ್ತು, ಎಲ್ಲಿ ಮಾತು ತೊದಲಿತು ಅಂತ ಕಿವಿಗೆ ಇಯರ್‌ಫೋನ್ ಒತ್ತಿಕೊಂಡು ಹುಡುಕಿದರು. ಯಾರೋ ಒಬ್ಬ, ಸಾಯುವ ಮುಂಚೆ ಬಾರಿಸಿದ್ದು ಅಂತ ಬರೆದ. ಇನ್ನೊಬ್ಬ ಮಾಸ್ಟರ ಫೋಟೋಗೆ ಹಾರ ಹಾಕಿದ. ಕೃಷ್ಣಗಿರಿಯಿಂದ, ಈರೋಡಿನಿಂದ, ಎಲ್ಲೆಲ್ಲಿಂದಲೋ ಸುಗುಣಾಗೆ ಫೋನ್ ಬರತೊಡಗಿತು. ಹಳೇ ತಂಡದ ತಬಲಾದವನೊಬ್ಬ ಅತ್ತುಕೊಂಡು ಕೇಳಿದ: "ಯಾವಾಗಕ್ಕಾ ತೀರ‍್ಕಂಡ್ರು? ಒಂದು ಮಾತು ಏಳ್ಬಾರ‍್ದಾ?"

"ಇಲ್ಲೇ ಕುಂತವ್ರೆ, ಇಡ್ಲಿ ತಿಂತವ್ರೆ," ಅಂದರು ಸುಗುಣಾ. "ಮಾತಾಡ್ತೀಯಾ?"

ಅವನು ಹೆದರಿ ಫೋನ್ ಇಟ್ಟುಬಿಟ್ಟ. ಮಾಸ್ಟರು, "ಯಾರದು?" ಅಂದರು. "ರಾಂಗ್ ನಂಬರ್," ಅಂದರು ಸುಗುಣಾ.

ಆ ಸಂದರ್ಶನವನ್ನು ತೆಗೆಸಲು ಜೀವಿತಾ ಪ್ರಯತ್ನಪಟ್ಟಳು. ಅವರು ತೆಗೆದರು. ಅಷ್ಟರಲ್ಲಿ ಅದರ ತುಣುಕುಗಳು ಎಲ್ಲೆಲ್ಲೋ ಹೋಗಿದ್ದವು.

ಈ ಗಲಾಟೆಯಲ್ಲಿ ಒಂದು ಕೆಲಸ ಯಾರೂ ಮಾಡಿರಲಿಲ್ಲ. ಮಾಸ್ಟರಿಗೆ ಆ ಹಾಡನ್ನು ಕೇಳಿಸಿರಲಿಲ್ಲ. ಅವರಾಗಿ ಕೇಳಿರಲಿಲ್ಲ, ಇವರಿಗೆ ಧೈರ್ಯ ಬಂದಿರಲಿಲ್ಲ. ಒಂದು ಮಧ್ಯಾಹ್ನ ಜೀವಿತಾ ಹೋಗಿ ಅವರ ಬಲಗಡೆಗೆ ಕುರ್ಚಿ ಹಾಕಿಕೊಂಡು ಕೂತಳು. ಎಡಗಡೆ ಕೂತರೆ ಅವರಿಗೆ ಅವಳು ಬಂದದ್ದೇ ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಹಾಡು ಹಾಕಿದಳು.

ಮಾಸ್ಟರು ಗಮನವಿಟ್ಟು ಕೇಳಿದರು. ಹುಬ್ಬು ಗಂಟಿಕ್ಕಿತು.

"ಇದು ನೀನಾ?"

"ಹೂಂ ಮಾಮ."

"ಯಾಕಮ್ಮ ಇಂಗೆ ಎಳ್ದೆಳ್ದು ಮಾತಾಡ್ತಿದ್ದೀಯ? ಅಳ್ತಾ ಇದ್ಯಾ?"

"ಮಾತಲ್ಲ ಮಾಮ. ಹಾಡ್ತಿದ್ದೀನಿ."

ಅವರು ಇನ್ನಷ್ಟು ಹೊತ್ತು ಕೇಳಿದರು. ಕೀಬೋರ್ಡಿನ ಜಾಗ ಬಂತು. ಆ ದಪ್ಪನೆಯ ದನಿ, ಅದರ ಮೇಲೆ ನಾಲ್ಕು ಸ್ವರ.

"ಇಂದ್ಗಡೆ ಯಾರೋ ತಗಡು ಎಳೀತಾ ಅವ್ರೆ," ಅಂದರು. "ಅದು ನಿಂತ ಮ್ಯಾಲೆ ರೆಕಾರ್ಡ್ ಮಾಡ್ಬಾರದಾ? ನಿನ್ನ ಮಾತೇ ಸರ‍್ಯಾಗಿ ಕೇಳಾಕಿಲ್ಲ."

ಜೀವಿತಾ ನಿಲ್ಲಿಸಿದಳು. ಅವಳಿಗೆ ದಿಕ್ಕು ತೋಚಲಿಲ್ಲ. ಬೇರೆ ಹಾಡು ಹಾಕಿದಳು, ಅವರೇ ಸಾವಿರ ಸಲ ಬಾರಿಸಿದ್ದ ಹಳೆಯ ಸಿನಿಮಾ ಹಾಡು. ಅದರ ಮಾತನ್ನು ಮಾಸ್ಟರು ಗುರುತಿಸಿದರು. ಯಾವ ಸಿನಿಮಾ ಅಂತಲೂ ಹೇಳಿದರು. ರಾಗ ಮಾತ್ರ ಅವರ ಕಿವಿಯೊಳಗೆ ಹೋಗುತ್ತಲೇ ಇರಲಿಲ್ಲ. ಪಾತ್ರೆ ಉರುಳಿದ ಸದ್ದು, ಹಾರ್ನು, ಪಿಟೀಲು ಎಲ್ಲ ಒಂದೇ. ಜೀವಿತಾ ಎದ್ದು ಅಡಿಗೆ ಮನೆಗೆ ಹೋದಾಗ ಸುಗುಣಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ನಂಗೆ ಗೊತ್ತೈತೆ," ಅಂದರು ಮೆಲ್ಲಗೆ. "ಆಸ್ಪತ್ರೆಯಿಂದ ಬಂದ ಮ್ಯಾಲೆ ಒಂದಿನ ನಾನೇ ಕೀಬೋರ್ಡ್ ಮುಂದೆ ಕುಂಡ್ರಿಸಿದ್ದೆ. ಬಲಗೈ ಚೆನ್ನಾಗಿ ಆಡ್ತು ಜೀವಿ, ಮೊದ್ಲಿನಂಗೇ ಆಡ್ತು. ಒಸಿ ಹೊತ್ತು ಬಾರಿಸಿ, ಇದು ಕೆಟ್ಟೋಗೈತೆ, ರಿಪೇರಿಗೆ ಕೊಡು ಅಂದ್ರು."

"ಕೊಟ್ರಾ?"

"ಕೊಟ್ಟೆ. ಅವ್ನು ನೋಡಿ, ಏನೂ ಆಗಿಲ್ಲಕ್ಕಾ ಅಂತ ವಾಪಸ್ ಕಳ್ಸಿದ. ಮ್ಯಾಲೆ ಅಟ್ಟದಲ್ಲಿ ಇಕ್ಕಿವ್ನಿ. ಇನ್ನೂ ಬಂದಿಲ್ಲ ರಿಪೇರಿಯಿಂದ ಅಂತ ಏಳಿವ್ನಿ."

ಅದಾದ ಸ್ವಲ್ಪ ದಿನಕ್ಕೆ ಧರ್ಮಪುರಿಯಲ್ಲಿ ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಜೀವಿತಾ ಒಪ್ಪಿದ್ದಳು. 'ಉಂಡ್ಯಾ' ಹಾಡುವುದಿಲ್ಲ ಅಂತ ಮೊದಲೇ ಹೇಳಿದ್ದಳು, ಅವರು ಆಗಲಿ ಅಂದಿದ್ದರು. ಕೀಬೋರ್ಡಿಗೆ ಅವರೇ ಗೊತ್ತುಮಾಡಿದ್ದ ಪ್ರಭಾಕರ್ ಅನ್ನುವವನು ಬಂದಿದ್ದ. ಒಳ್ಳೆಯ ಕೈ. ಎರಡು ಹಾಡು ಮುಗಿಯುವ ಹೊತ್ತಿಗೆ ಜನ ಕೂಗತೊಡಗಿದರು. "ಉಂಡ್ಯಾ! ಉಂಡ್ಯಾ!" ಅವಳು ಕೈ ಮುಗಿದಳು, ಬೇಡ ಅಂತ ತಲೆಯಾಡಿಸಿದಳು. ನಾಚಿಕೆ ಅಂದುಕೊಂಡು ಇನ್ನೂ ಜೋರಾಗಿ ಕೂಗಿದರು. ಅಷ್ಟರಲ್ಲಿ ಪ್ರಭಾಕರ್, ಅವಳಿಗೆ ನೆರವಾಗೋಣ ಅಂತಲೇ ಇರಬೇಕು, ಆ ನಾಲ್ಕು ಸ್ವರ ಶುರು ಮಾಡಿದ. ಮಂಟಪದಲ್ಲಿ ಆದ ಹಾಗೇ, ತಪ್ಪದೆ. ಆಮೇಲೆ ಎಡಗೈಯನ್ನು ಮೊಣಕೈವರೆಗೂ ಕೆಳಗಿನ ಸ್ವರಗಳ ಮೇಲೆ ಚೆಲ್ಲಿ, ಆ ದಪ್ಪನೆಯ ದನಿಯನ್ನೂ ಎಬ್ಬಿಸಿದ. ಮನೆಯಲ್ಲಿ ಎಷ್ಟು ದಿನ ಅಭ್ಯಾಸ ಮಾಡಿದ್ದನೋ. ಅವನ ಮುಖದಲ್ಲಿ ಭಕ್ತಿಯಿತ್ತು.

ಜನ ಹುಚ್ಚೆದ್ದು ಕುಣಿದರು. ಜೀವಿತಾ ಮೈಕ್ ಹಿಡಿದು ನಿಂತೇ ಇದ್ದಳು, ಬಾಯಿ ತೆರೆಯಲಿಲ್ಲ. ಅವಳು ಹಾಡಬೇಕಾದ ಅಗತ್ಯವೂ ಇರಲಿಲ್ಲ. ಅರ್ಧ ಜನ ಕೇಳಿದರು, ಅರ್ಧ ಜನ ಉತ್ತರ ಕೊಟ್ಟರು. ಅವಳು ಅವತ್ತು ಕಣ್ಣು ಮುಚ್ಚಿ ಹಾಡಿದ ಹೊಸ ಮಾತುಗಳೂ ಅವರಿಗೆ ಬಾಯಿಪಾಠವಾಗಿದ್ದವು. ಅವಳು ವೇದಿಕೆಯಿಂದ ಇಳಿದದ್ದನ್ನು ಯಾರೂ ಗಮನಿಸಲಿಲ್ಲ. ಹೊರಗೆ ಬಂದು ಸೇಲಂ ಬಸ್ಸು ಹತ್ತುವವರೆಗೂ ಹಾಡು ಕೇಳುತ್ತಲೇ ಇತ್ತು.

ಬೆಳಿಗ್ಗೆ ಎದ್ದು ನೆಟ್ಟಗೆ ಮಾಸ್ಟರ ಮನೆಗೆ ಹೋದಳು. ಏನು ಹೇಳಬೇಕು ಅಂತ ಹೋದಳೋ ಅವಳಿಗೇ ತಿಳಿಯದು. ಮಾಸ್ಟರು ಜಗಲಿಯಲ್ಲಿ ಸ್ಟೂಲಿನ ಮೇಲೆ ಕನ್ನಡಿ ಇಟ್ಟುಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ಬಲಗೆನ್ನೆ ನುಣ್ಣಗಾಗಿತ್ತು. ಎಡಗೆನ್ನೆಯ ಮೇಲೆ ಸೋಪಿನ ನೊರೆ ಹಾಗೇ ಒಣಗುತ್ತಿತ್ತು. ಅವರು ರೇಜರ್ ತೊಳೆದು ಇಡುತ್ತಿದ್ದರು.

"ಬಾಮ್ಮ," ಅಂದರು. "ಎಂಗಿತ್ತು ಧರ್ಮಪುರಿ?"

"ಜನ ಬಾಳ ಬಂದಿದ್ರು ಮಾಮ."

"ಅಷ್ಟೇ ತಾನೇ ಬೇಕಾಗಿದ್ದು. ಯಾಕೆ ಮುಖ ಇಂಗೈತೆ?"

ಒಳಗಿನಿಂದ ಸುಗುಣಾ, "ಜೀವಿ, ನನ್ನ ಕೈಯೆಲ್ಲ ಇಡ್ಲಿ ಹಿಟ್ಟು. ಅವ್ರ ಆ ಕಡೆ ಕೆನ್ನೆ ಒಸಿ ನೋಡು," ಅಂದರು.

"ಯಾವ ಕಡೆ?" ಅಂದರು ಮಾಸ್ಟರು. "ಆಯ್ತಲ್ಲ, ಪೂರಾ ಮಾಡಿವ್ನಿ."

"ಒಂಚೂರು ಉಳ್ದೈತೆ ಮಾಮ," ಅಂತ ಜೀವಿತಾ ಸುತ್ತಿ ಬಂದು ಎಡಗಡೆಗೆ ನಿಂತಳು. ಆ ಕಡೆ ಬಂದ ಕೂಡಲೇ ಮಾಸ್ಟರ ಕಣ್ಣು ಅವಳನ್ನು ಬಿಟ್ಟು ಬೀದಿಯ ಕಡೆಗೆ ಹೋಯಿತು. ಅವಳು ಹೊರಟುಹೋದಳು ಅಂತಲೇ ಅಂದುಕೊಂಡಿರಬೇಕು. ಅವಳು ನೀರು ಮುಟ್ಟಿಸಿ, ಗದ್ದ ಹಿಡಿದು, ಮೆಲ್ಲಗೆ ರೇಜರ್ ಎಳೆದಳು. ಎದುರು ಮನೆಯ ಪವರ್‌ಲೂಮ್ ಆಗಷ್ಟೇ ಶುರುವಾಗಿ ಒಂದೇ ಸಮನೆ ಬಡಿಯುತ್ತಿತ್ತು. ಮಾಸ್ಟರು ಅದನ್ನು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ಕತ್ತು ಮಾತ್ರ ಮಗುವಿನ ಹಾಗೆ ಅವಳ ಕೈಗೆ ಬಿಟ್ಟುಕೊಟ್ಟು, ಸುಮ್ಮನೆ ಕೂತಿದ್ದರು.